ಗೋದಲಿಗೆ ಹುಲ್ಲು

ಕೀಲ್ಪಾಕಿನ ಆಸ್ಪತ್ರೆಯೊಂದರ ವಾರ್ಡಿನ ಹೊರಗೆ ತೇಜು ಅಜ್ಜಿಗೆಂದು ಸದ್ದಿಲ್ಲದೆ ಕಿತ್ತಳೆ ಸುಲಿಯುತ್ತಿದ್ದಳು. ಸುತ್ತಲಿನ ತಮಿಳಿನ ನಡುವೆ ಪಕ್ಕದ ಬೆಂಚಿನಲ್ಲಿ ತಾಯಿ ಮಗಳು ಕನ್ನಡದಲ್ಲಿ ಮಾತಾಡುವುದು ಕೇಳಿ ಅವಳ ಕಿವಿ ನೆಟ್ಟಗಾಯಿತು.

“ಅಮ್ಮಾ, ಈ ಸಲ ಗೋದಲಿಗೆ ಎಷ್ಟು ಹುಲ್ಲು ಹಾಕಿದೀಯ?”

“ಹದಿನೇಳು. ಒಂದೊಂದು ಒಳ್ಳೇ ಕೆಲಸಕ್ಕೆ ಒಂದೊಂದು ಎಳೆ. ಕ್ರಿಸ್‌ಮಸ್ಸಿಗೆ ಬಾಲಯೇಸು ಮೆತ್ತಗೆ ಮಲಗಬೇಡವಾ?”

ಇಂಥ ಹಾಸಿಗೆಯ ಸಂಗತಿ ತೇಜು ಎಂದೂ ಕೇಳಿರಲಿಲ್ಲ. ಸುಲಿಯುವ ಕೈ ನಿಧಾನವಾಯಿತು.

“ಒಳಗೆ ಮಲಗಿರೋ ದೊಡ್ಡಮ್ಮನ ಹತ್ರ ಮಾತಾಡಿದ್ರೆ ಎಷ್ಟು ಎಳೆ?”

“ಅವಳಿಗೆ ಅಂತ ಗಂಜಿ ಮಾಡಿ ತಂದಿಲ್ವಾ? ಅದಕ್ಕೊಂದು ಹಾಕಾಯ್ತು.”

“ಪೋಮ್ಮಾ, ಕೊಡೋಕ್ ಮುಂಚೇನೇ ಹಾಕ್ಬಿಟ್ಯಾ? ಸರಿ, ಹೋಗಿ ಕೊಡು.”

“ನೀನೇ ಕೊಡು. ಆರು ವರ್ಷದಿಂದ ಮಾತಿಲ್ಲ, ಈಗ ಏನಂತ ಹೋಗಲಿ?”

“ಇದು ಕ್ರಿಸ್‌ಮಸ್ಸಿಗೆ ಮನಸ್ಸು ಸಿದ್ಧ ಮಾಡ್ಕೊಳ್ಳೋ ಕಾಲ ಅಂತ ಚರ್ಚಲ್ಲಿ ಫಾದರ್ ಹೇಳಿದಾಗ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದ್ಯಲ್ಲ. ನಾಳೆ ಅವರಿಗೆ ಆಪರೇಷನ್ ಅಮ್ಮಾ.”

ತಾಯಿ ಗಂಜಿಯ ಡಬ್ಬಿಯನ್ನು ಮಗಳ ಮಡಿಲಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಲಿಫ್ಟಿನ ಕಡೆ ನಡೆದಳು. ಮಗಳು ಡಬ್ಬಿ ಹಿಡಿದು ವಾರ್ಡಿನ ಹೊಸ್ತಿಲ ತನಕ ಹೋಗಿ ತಿರುಗಿ ನಿಂತಳು.

“ಅಮ್ಮಾ, ಬಾಗಿಲ ತನಕವಾದ್ರೂ ಬಾಮ್ಮ.”