ಬ್ರಿಟಿಷ್ ನಗು, ಅಮೇರಿಕನ್ ನಗು, ಗೋವಿಂದಯ್ಯನ ಪೇಟ

...ಅದನ್ನೇ ಕಣಯ್ಯ ಗೋವಿಂದಯ್ಯ, ನಾನು ಇಷ್ಟೊತ್ತಿಂದ ಹೇಳ್ತಿರೋದು. ಆ ನಗು ಇದೆಯಲ್ಲ, ಅದು ಡಬ್ಬಿ ನಗು. ಉಪ್ಪಿನಕಾಯಿ ಹಾಕಿಟ್ಟ ಹಾಗೆ ಹಾಕಿಟ್ಟಿರ್ತಾರೆ. ಯಾವತ್ತೋ, ಯಾರೋ, ಯಾವುದಕ್ಕೋ ನಕ್ಕಿದ್ದನ್ನ ಈಚೆ ತೆಗೆದು, ಈ ಧಾರಾವಾಹಿ ಹಾಸಿಗೆ ಅಂಗಡಿಯವನ ತಮಾಷೆ ಪಕ್ಕದಲ್ಲಿ ಒಂದು ಚಮಚ ಬಡಿಸ್ತಾರೆ. ಹಾಗೆ ನಕ್ಕೋರಲ್ಲಿ ಅರ್ಧ ಜನ ಇಷ್ಟೊತ್ತಿಗೆ ಹೋಗೇ ಬಿಟ್ಟಿರ್ಬೇಕು. ಸತ್ತೋರು ನಗ್ತಾ ಇದಾರೆ, ಬದುಕಿರೋ ನೀನು ಮುಖ ಗಂಟು ಹಾಕ್ಕೊಂಡು ಕೂತಿದ್ದೀಯ. ಎಲ್ಲಿ, ಆ ರಿಮೋಟ್ ಇತ್ಲಾಗೆ ಕೊಡು... ಕೊಡಲ್ವಾ? ಆಯ್ತು, ನೀನೇ ಇಟ್ಕೊ. ನಿನ್ನ ಮನೆ, ನಿನ್ನ ಟಿವಿ.

ಯಾಕೆ ಹಾಗೆ ನೋಡ್ತೀಯ? ಜೋರಾಗಿ ನಕ್ಕೆ ಅಂತಲಾ? ಏನು ಮಾಡ್ಲಿ, ನನ್ನ ನಗು ಹುಟ್ಟಿದ್ದೇ ಹಾಗೆ. ನಾನು ಕಾಲೇಜಿಗೆ ತರ್ತಿದ್ದ ಹಳೇ ಮೊಪೆಡ್ಡಿನ ಥರ, ಗೊರ್ ಗೊರ್ ಗೊರ್ ಅಂತ ಮೂರು ಸಲ ಕೆಮ್ಮಿ ಆಮೇಲೆ ಹತ್ತಿಕೊಳ್ಳುತ್ತೆ. ನಿನ್ನ ಹೆಂಡ್ತಿ ಮಾದಮ್ಮನೋರೇ ಹೇಳ್ತಿರ್ತಾರಲ್ಲ, 'ಸಿದ್ದಮಲ್ಲಪ್ಪನೋರು ಬೀದಿ ಆ ಕೊನೇಲಿ ನಕ್ರೂ ನಂಗೆ ಒಲೆ ತಾವೇ ಗೊತ್ತಾಯ್ತದೆ, ಕಾಪಿಗೆ ಇಟ್ಬುಡ್ತೀನಿ' ಅಂತ. ಪ್ರಪಂಚದಲ್ಲಿ ಎಷ್ಟು ಜನರ ನಗು ಕೇಳಿ ಕಾಫಿಗೆ ಇಡ್ತಾರಯ್ಯ, ನೀನೇ ಹೇಳು.

ನೀನು ಹೇಳಲ್ಲ. ನೀನು ಏನೂ ಹೇಳಲ್ಲ. ಲೈಬ್ರೇರಿಯನ್ ಅಲ್ವಾ.

ಸರಿ, ಈ ನೋಟ್‌ಬುಕ್ ನೋಡು. ಎರಡು ವರ್ಷ. ಗುರುವಾರ ಬಂತು ಅಂದ್ರೆ ನರಸೀಪುರದಲ್ಲಿ ಬಸ್ ಹತ್ತೋದು, ನಂಜನಗೂಡಲ್ಲಿ ಇಳಿಯೋದು, ಈ ಕುರ್ಚೀಲಿ ಕೂರೋದು. ಟಿವೀಲಿ ಒಂದು ಅಮೇರಿಕದ ಹಾಸ್ಯ ಧಾರಾವಾಹಿ, ಒಂದು ಇಂಗ್ಲೆಂಡಿನದು. ಎಡಗಡೆ ಪುಟದಲ್ಲಿ ನಾನು ಎಲ್ಲೆಲ್ಲಿ ನಕ್ಕೆ, ಬಲಗಡೆ ಪುಟದಲ್ಲಿ ನೀನು ಎಲ್ಲೆಲ್ಲಿ ನಕ್ಕೆ. ನನ್ನ ಪುಟ ತುಂಬಿ ತುಳುಕ್ತಾ ಇದೆ, ಅಂಚಲ್ಲೆಲ್ಲ ಬರೆದಿದ್ದೀನಿ. ನಿನ್ನ ಕಡೆ ನೋಡು, ಬಿಳೀ ಗೋಡೆ. ಎರಡು ವರ್ಷಕ್ಕೆ ಒಂದೇ ಒಂದು ನಗು, ಹೋದ ಯುಗಾದಿ ಹಿಂದಿನ ವಾರ. ಅದಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀನಿ, ಯಾಕೆಂದ್ರೆ ಮಾದಮ್ಮನೋರು ಆಮೇಲೆ ಹೇಳಿದ್ರು, ಅದು ನಗು ಅಲ್ವಂತೆ, ಹಲ್ಲಿನ ಸಂದೀಲಿ ಚಕ್ಕುಲಿ ಸಿಕ್ಕಿತ್ತಂತೆ.

ಆದ್ರೂ ನಾನು ಬಿಟ್ನಾ? ಬಿಡಲಿಲ್ಲ. ಮೂವತ್ತು ವರ್ಷ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದೋನು ಕಣಯ್ಯ, ಖಾಲಿ ಮುಖ ನನಗೆ ಹೊಸದಲ್ಲ. ಅದೂ ಅಲ್ದೆ ಈ ಶ್ರಮದಿಂದ ಏನು ಹುಟ್ಟಿತು ಗೊತ್ತಾ? ಒಂದು ಉಪನ್ಯಾಸ. ಭಾನುವಾರ ನರಸೀಪುರದಲ್ಲಿ, ನಿವೃತ್ತ ನೌಕರರ ಸಂಘದಲ್ಲಿ. 'ಬ್ರಿಟಿಷ್ ಮತ್ತು ಅಮೇರಿಕನ್ ಹಾಸ್ಯ ಧಾರಾವಾಹಿಗಳು: ಒಂದು ತೌಲನಿಕ ಅಧ್ಯಯನ.' ಹೋದ ತಿಂಗಳು ಅಲ್ಲಿ ಮಂಡಿನೋವಿನ ಬಗ್ಗೆ ಮಾತಾಡಿಸಿದ್ರು, ಅದರ ಹಿಂದಿನ ತಿಂಗಳು ಸಕ್ಕರೆ ಕಾಯಿಲೆ. ಜನಕ್ಕೂ ಒಂದು ಬದಲಾವಣೆ ಬೇಕು.

ಕೇಳು, ತಿರುಳು ಹೇಳಿಬಿಡ್ತೀನಿ. ಅಮೇರಿಕದ ಧಾರಾವಾಹಿ ಅಂದ್ರೆ ಮೊದಲು ಒಂದು ಸೋಫಾ. ಆ ಹಾಸಿಗೆ ಅಂಗಡಿಯವನ ಮನೇಲಿ ನೋಡಿದ್ಯಲ್ಲ, ಎಂಟು ಜನ ಇದ್ರೂ ಎಂಟೂ ಜನ ನಮ್ಮ ಕಡೆಗೇ ಮುಖ ಮಾಡಿ ಕೂರ್ತಾರೆ. ನಾವು ಹಾಗೆ ಕೂತ್ರೆ ಯಾರೋ ಗ್ರೂಪ್ ಫೋಟೋ ತೆಗೆಸ್ಕೊಳ್ತಿದಾರೆ ಅಂದ್ಕೋತಾರೆ. ಆಮೇಲೆ, ಮೂರನೇ ನಿಮಿಷಕ್ಕೆ ಒಬ್ಬ ಒಂದು ತಪ್ಪು ಮಾಡ್ತಾನೆ. ಹತ್ತನೇ ನಿಮಿಷಕ್ಕೆ ಅದನ್ನ ಮುಚ್ಚೋಕೆ ಒಂದು ಸುಳ್ಳು ಹೇಳ್ತಾನೆ. ಹದಿನೆಂಟಕ್ಕೆ ಸಿಕ್ಕಿಬೀಳ್ತಾನೆ. ಇಪ್ಪತ್ತಕ್ಕೆ ಕ್ಷಮೆ, ಇಪ್ಪತ್ತೊಂದಕ್ಕೆ ಅಪ್ಪುಗೆ, ಹಿಂದೆ ಮೆತ್ತಗೆ ಗಿಟಾರು. ಡಬ್ಬಿಯಲ್ಲಿರೋ ಜನ 'ಆಹಾ' ಅಂತಾರೆ. ಇಪ್ಪತ್ತೆರಡಕ್ಕೆ ಮುಗೀತು. ಇಪ್ಪತ್ತೆರಡು ನಿಮಿಷದಲ್ಲಿ ಕ್ಷಮೆ ಕೇಳಿ, ಕ್ಷಮೆ ಸಿಕ್ಕಿ, ಜಾಹೀರಾತೂ ಬಂದು ಹೋಗಿರುತ್ತೆ. ನಮ್ಮಲ್ಲಿ ಇಪ್ಪತ್ತೆರಡು ನಿಮಿಷದಲ್ಲಿ ಯಾವ ಕಚೇರೀಲೂ ಕಿಟಕಿ ಕೂಡ ತೆಗೆಯಲ್ಲ.

ಇಂಗ್ಲಿಷರದು ಬೇರೆ ಜಾಯಮಾನ. ಆ ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ ಇದಾನಲ್ಲ, ಕೋಲು ಮುಖದವನು, ಅವನದು ಒಟ್ಟು ಆರೇ ಕಂತು. ಅಮೇರಿಕದವರು ಇನ್ನೂರು ಕಂತು ಎಳೀತಾರೆ, ಇವರು ಆರಕ್ಕೆ ಅಂಗಡಿ ಮುಚ್ಚಿ ಮನೆಗೆ ಹೋಗ್ತಾರೆ. ಅಪ್ಪುಗೆ ಇಲ್ಲ, ಗಿಟಾರಿಲ್ಲ. ತಪ್ಪು ಮಾಡಿದೋನು ಸಿಕ್ಕಿಬಿದ್ದಾಗ ಏನಂತಾನೆ? 'ಟೀ ಮಾಡ್ಲಾ?' ಅಂತಾನೆ. ಅಷ್ಟೇ. ಇದರಲ್ಲಿ ನಗೋಕೆ ಡಬ್ಬಿ ಜನಾನೂ ಇಲ್ಲ, ನಗಬೇಕೋ ಬೇಡವೋ ಅನ್ನೋದು ನಮ್ಮ ಜವಾಬ್ದಾರಿ. ಆದ್ರೆ ಆ ಗುಮಾಸ್ತನ ಸೊಗಸು ಎಲ್ಲಿದೆ ಗೊತ್ತಾ? ತಾನು ಭಾರೀ ಬುದ್ಧಿವಂತ ಅಂತ ಅವನ ಎಣಿಕೆ. ಅವನು ಮಾಡಿದ ಎಡವಟ್ಟು ಆಫೀಸಿಗೆಲ್ಲ ಗೊತ್ತು, ಟೀ ತರೋಳಿಗೂ ಗೊತ್ತು, ಪಾರ್ಸೆಲ್ ಬಿಡಿಸ್ಕೊಳ್ಳೋಕೆ ಬಂದೋನಿಗೂ ಗೊತ್ತು. ಅವರಿಗೆಲ್ಲ ಗೊತ್ತು ಅನ್ನೋದು ಅವನೊಬ್ಬನಿಗೆ ಗೊತ್ತಿಲ್ಲ. ಠೀವಿಯಾಗಿ ಟೈ ಸರಿ ಮಾಡ್ಕೊಂಡು ಓಡಾಡ್ತಾನೆ... ಅಯ್ಯೋ, ತಡಿ, ನೆನೆಸ್ಕೊಂಡ್ರೆ ನಗು ತಡಿಯೋಕಾಗಲ್ಲ... ನೋಡು, ಮೊಪೆಡ್ ಸ್ಟಾರ್ಟ್ ಆಯ್ತು.

ನೀನು ನಗಲಿಲ್ಲ. ಬಲಗಡೆ ಪುಟ, ಇವತ್ತೂ ಸೊನ್ನೆ.

ಹೋಗ್ಲಿ ಬಿಡು, ವಿಷಯಕ್ಕೆ ಬರ್ತೀನಿ. ಭಾನುವಾರದ ಸಭೆಗೆ ನೀನೇ ಅಧ್ಯಕ್ಷ. ಹಾಗೆ ತಲೆ ಅಲ್ಲಾಡಿಸಬೇಡ, ಕರಪತ್ರ ಅಚ್ಚಾಗಿದೆ, ಇಲ್ಲಿದೆ ನೋಡು, ನನ್ನ ಹೆಸರಿಗಿಂತ ನಿನ್ನ ಹೆಸರು ಮೇಲೆ. ಎರಡು ವರ್ಷ ಆಯ್ತಲ್ಲಯ್ಯ ನೀನು ಜನರ ಮುಂದೆ ಬಂದು. ಮದುವೆಗೆ ಬರಲ್ಲ, ಸಂಘಕ್ಕೆ ಬರಲ್ಲ, ನರಸೀಪುರದ ಕಡೆ ತಲೆ ಹಾಕಿ ಮಲಗಲ್ಲ ನೀನು. ಸುಮ್ಮನೆ ಕುರ್ಚೀಲಿ ಕೂತಿರು, ಮಾತು ಬೇಡ, ಮಾತೆಲ್ಲ ನನ್ನದೇ. ಕೊನೇಲಿ ಒಂದು ಶಾಲು, ಒಂದು ಹಾರ, ಒಂದು...

ಪೇಟ. ಹೂಂ, ಪೇಟಾನೂ ಇದೆ. ಅದಕ್ಕೇ ನೋಡು, ಚೀಲದಲ್ಲಿ ಟೇಪು ತಂದಿದ್ದೀನಿ, ಟೈಲರ್ ಟೇಪು. ಸ್ವಲ್ಪ ತಲೆ ಬಗ್ಗಿಸು. ಹೋದ ಸಲದ ತಪ್ಪು ನನ್ನದೇ ಅಂತ ನಾನು ಯಾವತ್ತೋ ಒಪ್ಪಿಕೊಂಡಿದ್ದೀನಲ್ಲ. ನಿನ್ನ ಬೀಳ್ಕೊಡುಗೆಗೆ ಮೈಸೂರು ಪೇಟ ತರೋ ಕೆಲಸ ನನಗೆ ಬಂತು, ಅಂಗಡಿಯವನು 'ತಲೆ ಅಳತೆ ಎಷ್ಟು ಸಾ' ಅಂದ, ನಾನು ನನ್ನ ತಲೆ ಕೊಟ್ಟೆ. ನನ್ನ ತಲೆ ನೋಡಿದ್ಯಲ್ಲ, ಕುಂಬಳಕಾಯಿ. ನಿನ್ನದು ಕಿತ್ತಳೆ. ಮೂವತ್ತೊಂದು ವರ್ಷ ಬೆರಳು ತುಟಿ ಮೇಲಿಟ್ಟು ಮಕ್ಕಳನ್ನ ಸುಮ್ಮನಿರಿಸಿದ ಮನುಷ್ಯ, ಜೀವಮಾನದಲ್ಲಿ ಒಂದೇ ಒಂದು ಭಾಷಣ ಮಾಡೋಣ ಅಂತ ಹಾಳೆ ಹಿಡ್ಕೊಂಡು ನಿಂತೆ. ಓದೋಕೆ ಬಗ್ಗಿದೆ, ಪೇಟ ಕಣ್ಣಿಗಿಳೀತು. ಮೇಲೆ ತಳ್ಳಿದೆ. ಮತ್ತೆ ಬಗ್ಗಿದೆ, ಮತ್ತೆ ಇಳೀತು. ಅಲ್ಲಿಗೂ ಸಭೆ ಗಂಭೀರವಾಗೇ ಇತ್ತು ಕಣಯ್ಯ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಮೂರನೇ ಸಲಕ್ಕೆ ನಮ್ಮ ಕಾಲೇಜು ಆಫೀಸಿನ ಆ ಶಿವರಾಜು ಕಿಸಕ್ಕಂತ ನಕ್ಕ ನೋಡು, ಅದರ ಹಿಂದೆ ನಾನೂರು ಜನ. ನೀನು ಹಾಳೆ ಮಡಚಿ ಜೇಬಿಗಿಟ್ಟು ಕೂತುಬಿಟ್ಟೆ.

ಗುಮಾಸ್ತಿಕೆ ಮಾಡೋ ಆ ಶಿವರಾಜುಗೆ ಮರ್ಯಾದೆ ಅನ್ನೋದಿದ್ರೆ ತಾನೆ. ಮಾರನೇ ದಿನಾನೇ ಬಂದು ನಾನು ನಿನಗೆ ಹೇಳಿದೆ, ನಕ್ಕಿದ್ದು ಅವನೇ ಅಂತ. ಭಾನುವಾರ ಅವನೂ ಬರ್ತಾನೆ, ಚಿಂತೆ ಮಾಡ್ಬೇಡ, ಕೊನೇ ಸಾಲಲ್ಲಿ ಕೂರಿಸಿ ಅಂತ ಹೇಳಿದ್ದೀನಿ.

ತಲೆ ಬಗ್ಗಿಸಯ್ಯ, ಟೇಪು ಹಿಡ್ಕೊಂಡು ಎಷ್ಟು ಹೊತ್ತು ನಿಂತಿರ್ಲಿ?

ರಿಮೋಟ್ ಯಾಕೆ ಒತ್ತಿದೆ? ಪಾರ್ಸೆಲ್ ಆಫೀಸು ಇನ್ನೂ ಅರ್ಧ ಇದೆಯಲ್ಲ. ಇದೇನು, ಟಿವಿ ಹಿಂದೆ ಕೆಂಪಗೆ ಮಿಣುಕ್ತಿರೋದು, ಪೆನ್‌ಡ್ರೈವಾ? ನಿನ್ನ ಮಗಳು ಸಂಘಮಿತ್ರಾ ಹಾಕ್ಕೊಟ್ಟಳಾ? ಏನೋ ಒಂದು ಒಳ್ಳೇ ಪಿಕ್ಚರ್ ಹಾಕಿರ್ತಾಳೆ, ಜಾಣೆ ಹುಡುಗಿ...

ಇದು ನಮ್ಮ ಕಾಲೇಜು ಸಭಾಂಗಣ.

ನಿನ್ನ ಬೀಳ್ಕೊಡುಗೆ. ಇದರ ವಿಡಿಯೋ ಹಾಳಾಗಿದೆ ಅಂದಿದ್ರಲ್ಲ. ಯಾರು ಅಂದಿದ್ದು... ನಾನೇ ಅಂದಿದ್ನಾ? ಇರಬಹುದು. ವಿಡಿಯೋದವನಿಗೆ ನಾನೇ ಬೇಡ ಅಂತ ಹೇಳಿದ್ದೆ ಅಂತ ಕಾಣುತ್ತೆ, ನಿನಗೆ ಬೇಜಾರಾಗದಿರ್ಲಿ ಅಂತ. ಆಫ್ ಮಾಡು ಗೋವಿಂದಯ್ಯ. ಹಳೇದೆಲ್ಲ ಈಗ ಯಾಕೆ. ಶಾಲು ಹೊದಿಸ್ತಿದಾರೆ. ಎಷ್ಟು ಚೆನ್ನಾಗಿ ಕಾಣ್ತಿದ್ದೆ ನೋಡು ಆ ಕೋಟಲ್ಲಿ. ಸಾಕು, ಆಫ್ ಮಾಡು. ಪೇಟ ಇಳೀತು... ಎರಡನೇ ಸಲ... ಮೂರು...

ಹೂಂ. ಕೇಳಿಸ್ತು. ಯಾರೋ ನಕ್ರು. ಹೇಳಿದ್ನಲ್ಲ, ಶಿವರಾಜು.

ಹಿಂದಕ್ಕೆ ಯಾಕೆ ಓಡಿಸ್ತೀಯ? ನಿಲ್ಲಿಸಿದ್ದು ಯಾಕೆ? ಏನು ನೋಡ್ಬೇಕು ನಾನು? ವೇದಿಕೆ ಪಕ್ಕ, ಹಣ್ಣಿನ ಬುಟ್ಟಿ ಹಿಡ್ಕೊಂಡು ನಿಂತಿರೋದು... ಶಿವರಾಜು. ಬಾಯಿ ಮುಚ್ಚಿದೆ. ಅವನ ಕಣ್ಣು... ಅಳ್ತಾ ಇದಾನಾ ಅವನು?

ಇನ್ನೊಂದು ಸಲ ಹಾಕ್ಬೇಡ. ಹಾಕ್ಬೇಡ ಅಂದೆ ಕಣಯ್ಯ.

ಗೊರ್ ಗೊರ್ ಗೊರ್.

ಮಾದಮ್ಮನೋರೇ, ನೀವು ಯಾವಾಗ ಬಂದು ಬಾಗಿಲಲ್ಲಿ ನಿಂತ್ರಿ? ನಿಮಗೂ... ಬೀದಿ ಕೊನೇಲಿ ನಕ್ರೂ ಗೊತ್ತಾಗೋ ನಿಮಗೆ, ಆ ಸಭೆಯಲ್ಲಿ ಮೊದಲನೇ ಸಾಲಲ್ಲಿ ಕೂತಿದ್ದ ನಿಮಗೆ ಗೊತ್ತಾಗದೆ ಇರುತ್ತಾ. ಅವತ್ತೇ ಗೊತ್ತಾಗಿತ್ತಾ? ಮಗಳಿಗೂ ಗೊತ್ತು. ಶಿವರಾಜುಗೆ? ಅವನು ಹಬ್ಬಕ್ಕೆ ಇಲ್ಲಿಗೆ ಬಂದು ಹೋಗ್ತಾನಾ? ಓ... ಅಲ್ಲಿ ಮೇಜಿನ ಮೇಲಿರೋ ಬಾಳೆಗೊನೆ ಅವನ ತೋಟದ್ದಾ? ಅದನ್ನೇ ಮುರಿದು ತಿಂದ್ನಲ್ಲ ನಾನು, ಬಂದ ತಕ್ಷಣ, ಎರಡು ಹಣ್ಣು.

ಎಲ್ಲರಿಗೂ ಗೊತ್ತು. ಎರಡು ವರ್ಷದಿಂದ ನಾನು ಗುರುವಾರ ಗುರುವಾರ ಬಸ್ ಹತ್ತಿ ಬಂದು, ಇಲ್ಲಿ ಕೂತು, ಇಂಗ್ಲಿಷರ ನಗು ಎಂಥದ್ದು ಅಂತ ನಿಮಗೆ ಪಾಠ ಹೇಳ್ತಿದ್ದೆ. ನೀವು ಕಾಫಿ ಕೊಡ್ತಿದ್ರಿ.

ಗೋವಿಂದಯ್ಯ, ಬೇಕು ಅಂತ ನಕ್ಕಿದ್ದಲ್ಲ. ನಿನ್ನ ಮೇಲಾಣೆ. ಪೇಟ ನನ್ನ ತಲೇದು, ನಿನ್ನ ಮೂಗಿನ ಮೇಲೆ ಕೂತಿತ್ತು, ಅದನ್ನ ಕಂಡು... ಹತ್ತಿಕೊಂಡುಬಿಡ್ತು. ಕರ್ಚೀಫು ಬಾಯಿಗೆ ತುರುಕಿದೆ, ಅಷ್ಟೊತ್ತಿಗೆ ಸಭೆ ಎಲ್ಲ ನಗ್ತಿತ್ತು. ನಕ್ಕಿದ್ದು ಒಂದು ಗಳಿಗೆ. ಮಾರನೇ ದಿನ ಬಂದು ಶಿವರಾಜು ಹೆಸರು ಹೇಳಿದ್ನಲ್ಲ, ಅದು ತಾನಾಗಿ ಹತ್ತಿಕೊಂಡಿದ್ದಲ್ಲ. ಅದನ್ನ ಬಸ್ಸಲ್ಲಿ ಕೂತು ಯೋಚನೆ ಮಾಡೇ ಬಂದಿದ್ದೆ. ಹೇಳಬೇಕು ಅಂತಾನೇ ಪ್ರತಿ ಗುರುವಾರ ಬರ್ತಿದ್ದೆ. ನೀನು ಒಂದು ಸಲ ನಕ್ಕರೆ ಸಾಕು, ಆ ಹೊತ್ತಲ್ಲೇ ಹೇಳಿಬಿಡೋಣ ಅಂತ. ನೀನು ನಗಲಿಲ್ಲ.

ಏನಾದ್ರೂ ಅನ್ನು. ಬೈಯಿ. ಆಚೆ ಹೋಗು ಅನ್ನು.

ಇದೇನು ಕೊಡ್ತಿರೋದು? ಹಾಳೆ... ಅವತ್ತಿನ ಭಾಷಣವಾ? ಇನ್ನೂ ಇಟ್ಕೊಂಡಿದ್ದೀಯ. ಓದ್ಲಾ? ನಾನಾ? ಆಯ್ತು. 'ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಮಕ್ಕಳೇ. ನಾನು ಹದಿನಾರು ಗ್ರಾಮದಿಂದ ಸೈಕಲ್ಲಿನಲ್ಲಿ ಈ ಕಾಲೇಜಿಗೆ ಮೊದಲ ದಿನ ಬಂದಾಗ, ನನ್ನ ಸೈಕಲ್ಲು ಕಂಡು ಕೆಲವರು ನಕ್ಕರು. ನನ್ನ ಬುತ್ತಿ ಕಂಡು ಕೆಲವರು ನಕ್ಕರು. ಯಾರ ಮಗ, ಯಾವ ಬೀದಿಯವನು ಎಂದು ಕೇಳಿ ಕೆಲವರು ನಕ್ಕರು.'

ಇಲ್ಲಿಗೆ ಅಲ್ವಾ ನೀನು ನಿಲ್ಲಿಸಿದ್ದು. ಇಲ್ಲೇ. ಇದರ ಮುಂದಿನದನ್ನ ಯಾರೂ ಕೇಳಿಲ್ಲ.

ಓದ್ತೀನಿ, ಇರು. 'ಮೂವತ್ತೊಂದು ವರ್ಷದಲ್ಲಿ ನನ್ನನ್ನು ಕಂಡು ಒಮ್ಮೆಯೂ ನಗದೆ, ತಮ್ಮ ಎಲೆಯ ಪಕ್ಕ ನನಗೂ ಎಲೆ ಹಾಕಿಸಿದವರು ಒಬ್ಬರೇ ಒಬ್ಬರು. ನಮ್ಮ ಇಂಗ್ಲಿಷ್ ಅಧ್ಯಾಪಕರಾದ ಅವರ ಹೆಸರು...'

ಇದನ್ನ ನೀನೇ ಓದಯ್ಯ. ಒಂದು ಹೆಸರು ತಾನೆ. ಓದಲ್ವಾ? ನಾನೇ ಓದಬೇಕಾ?

ಆಯ್ತು. ಓದ್ತೀನಿ. ಸ್ವಲ್ಪ ತಡಿ... ತಲೆ ಮೇಲಿಂದ ಆ ಪೇಟ ಕಣ್ಣಿಗೆ ಇಳಿದ ಹಾಗಾಗಿದೆ ಕಣಯ್ಯ, ಒಂದಕ್ಷರ ಕಾಣ್ತಿಲ್ಲ.