ಹಾಲುಹಲ್ಲಿಗೊಂದು ಸ್ಟೀಲಿನ ಟೊಪ್ಪಿಗೆ

ಗೋಕಾಕದ ಕಡೆ ಕರದಂಟು ಮಾಡಿ ಮಾರುವ ಶ್ರೀಮಂತನೊಬ್ಬನಿದ್ದ, ಮುರಿಗೆಪ್ಪ ಅಂತ. ಊರಿಗೆಲ್ಲ ಸಿಹಿ ತಿನ್ನಿಸಿದ ಕೈ ಅದು. ಆ ಕೈಯ ಸಿಹಿ ಎಲ್ಲರಿಗಿಂತ ಹೆಚ್ಚು ದಕ್ಕಿದ್ದು ಯಾರಿಗೆ? ಐದು ವರ್ಷದ ಮೊಮ್ಮಗಳು ನೀಲಾಂಬಿಕೆಗೆ. ಅಜ್ಜನ ತೊಡೆ ಏರಿದರೆ ಸಾಕು, ಬಾಯಿಗೊಂದು ತುಂಡು. ಪ್ರೀತಿ, ನೋಡಿ! ಪ್ರೀತಿಯನ್ನು ಬೇಡ ಅನ್ನುವವರು ಯಾರು?

ಮಗುವಿನ ದವಡೆ ಹಲ್ಲು ಹುಳುಕಾಯಿತು. ಸೊಸೆ ಹೇಳಿದಳು, “ಮಾವಾರ, ದವಾಖಾನಿಗೆ ತೋರಸೂಣ್ರಿ.”

ಮುರಿಗೆಪ್ಪ ನಕ್ಕುಬಿಟ್ಟ. “ಹಾಲುಹಲ್ಲು ಅದು. ಬಿದ್ದು ಹೋಗೂದು. ಬಿದ್ದು ಹೋಗೂದಕ್ಕ ಎಂಥಾ ದವಾಖಾನಿ?”

ಮಗು ಒಂದೇ ಕಡೆ ಅಗಿಯತೊಡಗಿದ ಮೇಲೆ ಅವನೇ ಕರೆದುಕೊಂಡು ಹೋದ. ಹಲ್ಲಿನ ಡಾಕ್ಟರಮ್ಮ ನೋಡಿದರು. “ಅಜ್ಜಾರ, ತೂತು ದೊಡ್ಡದೈತ್ರಿ. ಹಲ್ಲಿನ ಎರಡೂ ಮಗ್ಗಲಾ ಹೋಗೇತಿ. ಬರೇ ಸಿಮೆಂಟ್ ತುಂಬಿದ್ರ ಬಾಳ ದಿನ ನಿಂದ್ರೂದಿಲ್ಲ. ಹಲ್ಲು ಪೂರಾ ಮುಚ್ಚೂವಂಥ ಸ್ಟೀಲಿನ ಟೊಪ್ಪಿಗಿ ಹಾಕೂಣು.”

“ಹೆಣ್ಣುಹುಡುಗಿ ಬಾಯಾಗ ಸ್ಟೀಲ? ನಕ್ಕರ ಪಾತ್ರಿ ಅಂಗಡಿ ಕಂಡಂಗ ಕಾಣ್ತೈತಿ! ಬಿಳೇ ಸಿಮೆಂಟ್ ತುಂಬ್ರಿ.”

ಅವರು ಮತ್ತೊಮ್ಮೆ ಹೇಳಿದರು. ಇವನು ಕೇಳಲಿಲ್ಲ. ಬಿಳಿಯದನ್ನೇ ತುಂಬಿಸಿಕೊಂಡು ಬಂದ. ಚಂದ ಕಂಡಿತು. ಚಂದ ಕಂಡದ್ದೆಲ್ಲ ಬಾಳುತ್ತದೆಯೇ?

ಒಂದು ಮಧ್ಯಾಹ್ನ ರೊಟ್ಟಿ ಕಡಿಯುವಾಗ ಆ ಸಿಮೆಂಟು ಕಳಚಿ ತಟ್ಟೆಗೆ ಬಿತ್ತು. ಮಗು ಕೆನ್ನೆ ಹಿಡಿದುಕೊಂಡು ಚೀರಿತು. ಸಮಾಧಾನ ಮಾಡಲು ಅಜ್ಜ ಕರದಂಟಿನ ತುಂಡು ಮುಂದೆ ಹಿಡಿದ. ಮಗು ಗೋಡೆಗೆ ಸರಿಯಿತು. “ಒಲ್ಲೆ ಅಜ್ಜಾ, ಒಲ್ಲೆ!”

ನೋಡಿ, ಕೊಟ್ಟ ಕೈಯನ್ನು ಕಂಡು ಮಗು ಹೆದರಿತು. ಮುರಿಗೆಪ್ಪ ತುಂಡನ್ನು ಕೆಳಗಿಟ್ಟ. ಮಗುವನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದ.

“ಹಲ್ಲು ಕೀಳಬೇಕೇನ್ರೀ ಡಾಕ್ಟರ ಬಾಯಾರ?”

“ತಡೀರಿ. ಈ ಹಲ್ಲು ಬೀಳಾಕ ಇನ್ನೂ ವರ್ಷಗಟ್ಟಲೆ ಐತಿ. ಅಲ್ಲೀಮಟಾ ಅಡಿಯಾಗಿನ ಹೊಸಾ ಹಲ್ಲಿಗೆ ಜಾಗಾ ಕಾಯೂದು ಇದ. ಈಗ ಕಿತ್ರ ಮಗ್ಗಲದ್ದು ವಾಲಿ, ಹೊಸಾದು ಸೊಟ್ಟ ಬರಬಹುದು.” ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಆಮೇಲೆ ಅವರ ಮುಖ ಅರಳಿತು. “ಬೇರು ಗಟ್ಟಿ ಐತ್ರಿ. ಉಳಸೂಣು.”

ಮುರಿಗೆಪ್ಪ ಕೈ ಮುಗಿದ. “ಏನರ ಹಾಕ್ರಿ ತಾಯಿ. ಕೂಸು ಉಂಡರ ಸಾಕು.”

ಹುಳುಕನ್ನೆಲ್ಲ ತೆಗೆದು, ಔಷಧಿ ಇಟ್ಟು, ಮೇಲೆ ಟೊಪ್ಪಿಗೆ ಹಾಕಿದರು. ಮಗು ಮತ್ತೆ ರೊಟ್ಟಿ ಕಡಿಯಿತು. ಓಣಿಯ ಮಕ್ಕಳನ್ನೆಲ್ಲ ಕರೆದು, “ನನ್ನ ಬೆಳ್ಳಿ ಹಲ್ಲ ನೋಡ್ರಿ!” ಅಂತ ಬಾಯಿ ತೆರೆದು ಮೆರೆಯಿತು. ಬಾಗಿಲಲ್ಲಿ ನಿಂತ ಅಜ್ಜ ನಗುತ್ತಲೇ ಕಣ್ಣೊರೆಸಿಕೊಂಡ.

ಈಗ ಪ್ರವಚನ ಕೇಳಲು ಕುಳಿತ ನಿಮ್ಮ ವಿಷಯಕ್ಕೆ ಬರೋಣ. ಬಿದ್ದು ಹೋಗುವುದು ತಾನೇ ಅಂತ ನೀವು ಏನೇನನ್ನು ಕೊಳೆಯಲು ಬಿಟ್ಟಿದ್ದೀರಿ? ಈ ದೇಹವೂ ಬಿದ್ದು ಹೋಗುವುದೇ. ಹಾಗಂತ ಇವತ್ತು ಊಟ ಬಿಟ್ಟು ಬಂದವರಿದ್ದರೆ ಕೈ ಎತ್ತಿ. ಯಾರೂ ಇಲ್ಲ! ಸ್ವಲ್ಪ ಕಾಲ ಇರುವುದಕ್ಕೂ ಅದರದೇ ಕೆಲಸವಿದೆ. ಆ ಕೆಲಸ ಮುಗಿಯುವ ತನಕ ಅದನ್ನು ಕಾಪಾಡುವುದು ನಮ್ಮ ಧರ್ಮ.

ತಾಯಂದಿರೇ, ಅಜ್ಜಂದಿರೇ, ಮಗುವಿನ ಕೈಗೆ ಬ್ರಷ್ಷು ಕೊಟ್ಟು ಟಿ.ವಿ. ಮುಂದೆ ಕೂರಬೇಡಿ. ಮಲಗುವ ಮುಂಚೆ ನೀವೇ ತಿಕ್ಕಿ. ತಿಕ್ಕಿದ ಮೇಲೆ ಸಿಹಿ ಕೊಡಬೇಡಿ. ಗಟ್ಟಿಯದು ಬೇಕು ಎಂದು ವೈದ್ಯರು ಹೇಳಿದರೆ ಚಂದದ್ದಕ್ಕೆ ಹಟ ಹಿಡಿಯಬೇಡಿ. ಈಗಾಗಲೇ ತಡವಾಯಿತು ಅಂತ ಹೆದರಿ ಸುಮ್ಮನಾಗಲೂ ಬೇಡಿ. ಮನೆಗೆ ಹೋದ ಕೂಡಲೇ ಮಗುವನ್ನು ಹತ್ತಿರ ಕರೆಯಿರಿ, “ಆ ಅನ್ನು ಕಂದಾ” ಅನ್ನಿ, ಹಿಂದಿನ ಹಲ್ಲುಗಳನ್ನು ಬೆಳಕಿನಲ್ಲಿ ಒಮ್ಮೆ ನೋಡಿ.