ಇಪ್ಪತ್ತಾರು ಲಿವರ್ ಚೂರುಗಳು ಕಳೆದು ಸಿಕ್ಕಿದ ಬಗ್ಗೆ

ನಾನು, 47 ವರ್ಷ, ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ತಂತ್ರಜ್ಞೆ, ವಾಸ ಕಾಲೇಜಿನ ಹಿಂದಿನ ವಸತಿಗೃಹದ ಎರಡನೇ ಮಹಡಿ, ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಮಂಗಳವಾರ ಮಧ್ಯಾಹ್ನ 2-40ಕ್ಕೆ ಆಸ್ಪತ್ರೆಯಿಂದ ಒಂದು ಥರ್ಮಾಕೋಲ್ ಡಬ್ಬಿ ಪಡೆದು ಪ್ರಯೋಗಾಲಯಕ್ಕೆ ಹೊರಟೆನು. ಅದರಲ್ಲಿ ಹೊಗೆಯಾಡುವ ಒಣ ಮಂಜುಗಡ್ಡೆಯ (ಡ್ರೈ ಐಸ್) ನಡುವೆ 26 ರೋಗಿಗಳಿಂದ ಸೂಜಿ ಚುಚ್ಚಿ ತೆಗೆದ ಲಿವರ್ ಚೂರುಗಳಿದ್ದವು; ಒಂದೊಂದೂ ಅಕ್ಕಿಕಾಳಿನಷ್ಟು. ಅವುಗಳಲ್ಲಿ ಯಾವ ಬಗೆಯ ಕೊಬ್ಬು ಎಷ್ಟಿದೆ ಎಂದು ಬಿಡಿಸಿ ನೋಡುವುದು ನನ್ನ ಕೆಲಸ. ಬೆಚ್ಚಗಾದರೆ ಕೊಬ್ಬು ಕೆಡುತ್ತದೆ. ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಿ ಎಂದು ರೋಗಿಗಳನ್ನು ಕೇಳುವ ಮುಖ ನನಗಿಲ್ಲ.

2-55ಕ್ಕೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಡಬ್ಬಿ ಇಟ್ಟಿದ್ದೆನು. ತಂಗಿಗೆ ಹೆರಿಗೆಯಾಯಿತೆಂದು ಫೋನ್ ಬಂದಿದ್ದು, ಮಾತನಾಡುತ್ತಲೇ ಬಸ್ ಹತ್ತಿದೆನು. ನಾಲ್ಕು ನಿಲ್ದಾಣ ದಾಟಿದ ಮೇಲೆ ಮಡಿಲು ಖಾಲಿ ಇರುವುದು ತಿಳಿಯಿತು. 3-30ಕ್ಕೆ ವಾಪಸು ಬಂದಾಗ ಬೆಂಚಿನ ಮೇಲೆ ಏನೂ ಇರಲಿಲ್ಲ. ಅಕ್ಕಪಕ್ಕ ವಿಚಾರಿಸಲೂ ತೋಚದೆ 3-50ಕ್ಕೆ ಕಳವಿನ ದೂರು ಬರೆಸಲು ಈ ಠಾಣೆಗೆ ಬಂದೆನು.

ಏನು ಕಳೆದಿದೆಯೆಂದು ಮುಖ್ಯ ಪೇದೆಯವರು ಕೇಳಲಾಗಿ, ಕೊಬ್ಬು ಎಂದೆನು. ಕೊಬ್ಬು ಕಳೆದುಕೊಂಡು ಬಂದವರನ್ನು ಇದೇ ಮೊದಲು ನೋಡುತ್ತಿರುವುದಾಗಿಯೂ, ಇಲ್ಲಿಗೆ ಬರುವವರೆಲ್ಲ ಅದು ಹೆಚ್ಚಾಗಿಯೇ ಬರುವುದಾಗಿಯೂ ಅವರು ಹೇಳಿದರು. ಅಳು ಬಂದಿತ್ತು, ಆದರೂ ನಕ್ಕೆನು.

4-35ಕ್ಕೆ ನಿಲ್ದಾಣದಿಂದ 30 ಅಡಿ ದೂರದ ಐಸ್‌ಕ್ರೀಮ್ ಅಂಗಡಿಯ ಅಜ್ಜಿ ಫೋನ್ ಮಾಡಿದರು. ಡಬ್ಬಿಯ ಸಂದಿಯಿಂದ ಹೊಗೆ ಬರುವುದನ್ನು ಕಂಡು ಜನ ದೂರ ಸರಿದರೆಂದೂ, ತಾವು ಅದನ್ನು ಒಳಗೆ ತಂದಿಟ್ಟಿದ್ದಾಗಿಯೂ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿದ್ದ ನನ್ನ ನಂಬರನ್ನು ಗಿರಾಕಿಯೊಬ್ಬರು ಓದಿಕೊಡುವವರೆಗೆ ತಡವಾಯಿತೆಂದೂ ತಿಳಿಸಿದರು. ಹೋಗಿ ನೋಡಲಾಗಿ, ಫ್ರೀಜರಿನಲ್ಲಿ ಡಬ್ಬಿಗೆ ಜಾಗ ಮಾಡಲು ಹೊರಗಿಟ್ಟ ಐಸ್‌ಕ್ರೀಮ್ ಕರಗಿ ನೀರಾಗಿತ್ತು. ಹೀಗೇಕೆ ಮಾಡಿದಿರೆಂದು ಕೇಳಿದೆನು.

"ತಣ್ಣಗಿಡಿ ಅಂತ ದಪ್ಪಕ್ಷರದಲ್ಲಿ ಬರ್ದಿತ್ತಲ್ಲಮ್ಮ. ನಂಗೆ ಬರೋದು ಅದೊಂದೇ ಕೆಲ್ಸ," ಎಂದರು.

ಕರಗಿದ್ದನ್ನು ಇಬ್ಬರೂ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆವು.

ಇಂದು ಬೆಳಿಗ್ಗೆ 9-15ಕ್ಕೆ ಒಂದು ಚೂರನ್ನು ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಹಾಕಿ ಅರೆದು, ಬಿಟ್ಟುಕೊಂಡ ಕೊಬ್ಬನ್ನು ಸಿಲಿಕಾ ಬಳಿದ ಗಾಜಿನ ಫಲಕದ ಬುಡದಲ್ಲಿ ಚುಕ್ಕೆಯಾಗಿ ಇಟ್ಟೆನು. ಫಲಕದ ಕೆಳ ಅಂಚನ್ನು ದ್ರಾವಕದಲ್ಲಿ ನಿಲ್ಲಿಸಿದರೆ, ಅದು ಮೇಲೇರಿದಂತೆ ಒಂದೊಂದು ಬಗೆಯ ಕೊಬ್ಬು ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಕೆಟ್ಟಿದ್ದರೆ ನಡುವೆ ಒಂದು ಕಡೆ ದಪ್ಪ ಕಲೆ ಏಳಬೇಕು. 11-05ಕ್ಕೆ ಬಣ್ಣ ಹಿಡಿಸಿ ನೋಡಲಾಗಿ ಆ ಜಾಗ ಹೆಚ್ಚುಕಡಿಮೆ ಖಾಲಿ ಇತ್ತು. ಫಲಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ನೋಡಿದೆನು. ನಮ್ಮ ಪ್ರಯೋಗಾಲಯದ ಪ್ರೊಫೆಸರರು ಒಂದೇ ಸಲ ನೋಡಿ, ಉಳಿದ 25ನ್ನೂ ಶುರುಮಾಡಲು ಹೇಳಿದರು.

ಆದ್ದರಿಂದ ನನ್ನ ದೂರನ್ನು ಹಿಂಪಡೆಯುತ್ತೇನೆ. 'ಅಪರಿಚಿತ ಕಳ್ಳ' ಎಂದು ನಾನು ಬರೆಸಿದ್ದನ್ನು ಹೊಡೆದುಹಾಕಿ, ಅಜ್ಜಿಯ ಹೆಸರನ್ನು ಉಪಕಾರಿ ಎಂದು ಸೇರಿಸಬಹುದೇ ಎಂದು ವಿಚಾರಿಸಿದೆನು. ಅಂಥ ಕಾಲಂ ಇಲ್ಲವೆಂದು ಮುಖ್ಯ ಪೇದೆಯವರು ಹೇಳಿ, ಅಂಚಿನಲ್ಲಿ ಬರೆದುಕೊಂಡರು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ. ಕೂಡಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಠಾಣೆ
ಬುಧವಾರ, ಸಂಜೆ 5-20
(ಸಹಿ) ಪ್ರಯೋಗಾಲಯದ ತಂತ್ರಜ್ಞೆ